ಈದ್ ಹೊಗೆಗೆ ಕಾವಲು ನಿಂತ ಹಿಬಾಕ್

ಹಿಬಾಕ್ ವಾರ್ಸಮೆ ಯಾರ ಮನೆಗೆ ಹೋದರೂ ಮೊದಲು ನೋಡುವುದು ಛಾವಣಿಯನ್ನು. ನಾವೆಲ್ಲ ಸೋಫಾ ನೋಡುತ್ತೇವೆ, ಪರದೆಯ ಬಣ್ಣ ನೋಡುತ್ತೇವೆ, ಅಡುಗೆಮನೆ ಎಷ್ಟು ದೊಡ್ಡದು ಎಂದು ಕತ್ತು ಉದ್ದ ಮಾಡುತ್ತೇವೆ. ಈ ಹೆಂಗಸು ಬಾಗಿಲು ತೆಗೆದವರಿಗೆ ಸಲಾಂ ಹೇಳುತ್ತಲೇ ಕಣ್ಣು ಮೇಲೆತ್ತುತ್ತಾರೆ. ಅಲ್ಲಿ ಹೊಗೆ ಸೋಕಿದರೆ ಕೂಗುವ ಬಿಳಿಯ ಸ್ಮೋಕ್ ಅಲಾರಂ ಬರಿದಾಗಿ ಕಂಡರೆ ಮುಖ ಅರಳುತ್ತದೆ. ಅದಕ್ಕೆ ಯಾರಾದರೂ ಶವರ್ ಕ್ಯಾಪ್ ತೊಡಿಸಿದ್ದರೆ ಮುಗಿಯಿತು, ಆ ಮನೆಯವರ ಗ್ರಹಚಾರ ಬಿಡಿಸಿಯೇ ಮುಂದಿನ ಮಾತು.

ರಂಜಾನಿನ ಕೊನೆಯ ವಾರ. ಇಂಗ್ಲೆಂಡಿನ ಶೆಫೀಲ್ಡ್‌ನ ಬರ್ನ್‌ಗ್ರೀವ್ ದಿಬ್ಬದ ಮೇಲಿರುವ ಹದಿಮೂರು ಮಹಡಿಯ ಕಟ್ಟಡದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಒಂದು ಕೈಯಲ್ಲಿ ಮಾಪ್, ಇನ್ನೊಂದು ಕೈಯಲ್ಲಿ ಬಕೆಟ್ಟು ಹಿಡಿದ ಹಿಬಾಕ್ ಮೆಟ್ಟಿಲು ಹತ್ತುತ್ತಿದ್ದಾರೆ, ಹಿಂದೆ ಏದುಸಿರು ಬಿಡುತ್ತಾ ನಾನು. ಕಟ್ಟಡದ ಮೆಟ್ಟಿಲು, ಲಿಫ್ಟು, ಕಸದ ಕೋಣೆ ತೊಳೆಯುವುದು ಅವರ ಸಂಬಳದ ಕೆಲಸ. ಅದು ಶುರುವಾಗುವುದು ಆರೂವರೆಗೆ. ಅದಕ್ಕೂ ಮುಂಚೆ ಸೊಮಾಲಿ ಕುಟುಂಬಗಳ ಬಾಗಿಲು ತಟ್ಟಿ ಅಲಾರಂ ನೋಡುತ್ತಾ ಹೋಗುವ ಈ ಕೆಲಸಕ್ಕೆ ಸಂಬಳವೂ ಇಲ್ಲ, ಹೆಸರೂ ಇಲ್ಲ.

"ಬೇರೆ ತಿಂಗಳಲ್ಲಿ ಈ ಹೊತ್ತಿಗೆ ಬಾಗಿಲು ಬಡಿದ್ರೆ ಜನ ಪೊಲೀಸ್‌ಗೆ ಫೋನ್ ಮಾಡ್ತಾರೆ. ರಂಜಾನಲ್ಲಿ ಎಲ್ಲರೂ ಉಪವಾಸಕ್ಕೆ ಮುಂಚೆ ಉಣ್ಣೋಕೆ ಎದ್ದಿರ್ತಾರೆ. ನನಗೂ ಒಂದು ಕಪ್ ಟೀ ಸಿಗುತ್ತೆ," ಎನ್ನುತ್ತಾರೆ. ನಾವು ಮಾತಾಡುವುದು ಇಂಗ್ಲಿಷಿನಲ್ಲಿ. ಅವರ ಶೆಫೀಲ್ಡ್ ಇಂಗ್ಲಿಷು ನನ್ನದಕ್ಕಿಂತ ಚುರುಕು. ಇಲ್ಲಿ ಬರೆದಿರುವ ಕನ್ನಡ ಮಾತ್ರ ನನ್ನದು.

ಅಲಾರಂಗೆ ಟೊಪ್ಪಿ ಯಾಕೆ ಎಂದು ಇಲ್ಲಿನ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಈ ದೇಶದಲ್ಲಿ ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದವರೆಲ್ಲ ಅದರ ಕಿರುಚಾಟ ಕೇಳಿದವರೇ. ಸೊಮಾಲಿಗಳ ಮನೆಯಲ್ಲಿ ಅದು ಕಿರುಚುವುದು ಊನ್ಸಿ ಹೊಗೆಗೆ. ಊನ್ಸಿ ಎಂದರೆ ನಮ್ಮ ಸಾಂಬ್ರಾಣಿಯ ಹತ್ತಿರದ ನೆಂಟ. ಸಕ್ಕರೆ ಪಾಕಕ್ಕೆ ಧೂಪದ ಅಂಟು, ಅತ್ತರು ಬೆರೆಸಿ ಗಟ್ಟಿ ಮಾಡಿದ ಕಪ್ಪು ಹರಳು. ಮಣ್ಣಿನ ಧೂಪದಾನಿಯ ಕೆಂಡದ ಮೇಲೆ ಒಂದು ಚೂರು ಹಾಕಿದರೆ ಮನೆಯೆಲ್ಲ ಘಮ್ಮೆನ್ನುತ್ತದೆ. ಬಾಣಂತಿಯ ಕೂದಲಿಗೆ ಹೊಗೆ ಹಾಕುವ ಮನೆಯಲ್ಲಿ ಹುಟ್ಟಿ ಬೆಳೆದ ನನಗೆ ಆ ವಾಸನೆ ಮೂಗಿಗೆ ಬಿದ್ದ ತಕ್ಷಣ ಈ ಜನ ಪರಕೀಯರು ಅನ್ನಿಸಲೇ ಇಲ್ಲ.

ಊನ್ಸಿ ಹಾಕದೆ ಸೊಮಾಲಿ ಮನೆಗೆ ಈದ್ ಬರುವುದಿಲ್ಲ. ಹೊಸ ಬಟ್ಟೆಗೆ ಹೊಗೆ ಹಿಡಿಯಬೇಕು, ಶಾಲಿಗೆ ಹಿಡಿಯಬೇಕು, ನೆಂಟರು ಬರುವ ಹೊತ್ತಿಗೆ ಹಜಾರದಲ್ಲಿ ಹೊಗೆ ಆಡುತ್ತಿರಬೇಕು. ಅಲಾರಂ ಒಪ್ಪುವುದಿಲ್ಲ. ಅದಕ್ಕೇ ಟೊಪ್ಪಿ. ನಾವೇನು ಕಮ್ಮಿಯೇ? ಮ್ಯಾಕಲ್ಸ್‌ಫೀಲ್ಡ್‌ನಲ್ಲಿ ಔಷಧಿ ಕಾರ್ಖಾನೆಯಲ್ಲಿರುವ ನಮ್ಮ ಕನ್ನಡದ ಗೆಳೆಯ ಕರುಣಾಕರ ಅವರ ಗೃಹಪ್ರವೇಶದ ಹೋಮಕ್ಕೆ ಪುರೋಹಿತರು ಬಂದು ಮೊದಲು ಕೇಳಿದ್ದು ತುಪ್ಪವನ್ನಲ್ಲ, ಅಲಾರಂ ಸುತ್ತಲಿಕ್ಕೆ ಪ್ಲಾಸ್ಟಿಕ್ಕನ್ನು.

ಹಿಬಾಕ್‌ಗೆ ಈಗ ನಲವತ್ತೊಂಬತ್ತು. ಹುಟ್ಟಿದ್ದು ಸೊಮಾಲಿಲ್ಯಾಂಡಿನ ಬುರಾವ್ ಪಟ್ಟಣದಲ್ಲಿ. ತಾಯಿಯ ಕಡೆಯವರು ಎರಿಗಾವೊ ಬೆಟ್ಟಗಳಲ್ಲಿ ಧೂಪದ ಮರಕ್ಕೆ ಕಚ್ಚು ಹಾಕಿ ಅಂಟು ಇಳಿಸುತ್ತಿದ್ದವರು. ಯುದ್ಧದಲ್ಲಿ ಊರು ಬಿಟ್ಟು, ಇಥಿಯೋಪಿಯಾದ ಶಿಬಿರದಲ್ಲಿ ಬೆಳೆದು, ಇಪ್ಪತ್ತರ ಆಸುಪಾಸಿನಲ್ಲಿ ಪುಟ್ಟ ತಂಗಿ ಉಬಾಳ ಕೈ ಹಿಡಿದುಕೊಂಡು ಶೆಫೀಲ್ಡ್‌ಗೆ ಬಂದರು. ತಾಯಿ ಶಿಬಿರದಲ್ಲೇ ತೀರಿಕೊಂಡಿದ್ದರು. "ಉಬಾ ನನಗೆ ತಂಗಿಯೂ ಹೌದು, ಮಗಳೂ ಹೌದು," ಎನ್ನುತ್ತಾರೆ. ಹಿಬಾಕ್ ಆರಡಿಗೆ ಸ್ವಲ್ಪವೇ ಕಮ್ಮಿ ಎತ್ತರ, ದೊಡ್ಡ ಹೆಜ್ಜೆ, ಅದಕ್ಕಿಂತ ದೊಡ್ಡ ದನಿ. ನನ್ನ ಗೆಳತಿ ಡಾಕ್ಟರ್ ನೀರಜಾಳ ಕ್ಲಿನಿಕ್ಕಿಗೆ ಮಧ್ಯಾಹ್ನ ನೆಲ ಒರೆಸಲು ಬರುವವರೂ ಇವರೇ. "ನನ್ನ ರೂಮಿನ ಅಲಾರಂ ಸತ್ತಿದೆ ಅಂತ ರೋಗಿ ಮುಂದೇನೇ ಬೈದುಬಿಟ್ಟರು ಕಣೆ," ಎಂದು ನೀರಜಾ ನಕ್ಕು ಹೇಳಿದ್ದರಿಂದಲೇ ನನಗೆ ಇವರ ಪರಿಚಯವಾದದ್ದು.

ಯಾಕೆ ಈ ಹಟ ಎಂದು ಕೇಳಿದರೆ ಹಿಬಾಕ್ ಮಾಪನ್ನು ಗೋಡೆಗೆ ಒರಗಿಸುತ್ತಾರೆ. ಐದನೇ ಮಹಡಿಯ ಮೆಟ್ಟಿಲ ಮೇಲೆ ಕೂರುತ್ತಾರೆ.

"ಈ ಕಟ್ಟಡದಲ್ಲಿ ಏಣಿ ಇದ್ದದ್ದು ನನ್ನ ಹತ್ರ. ಎತ್ತರಾನೂ ನಾನೇ. ಹಾಗಾಗಿ ಪ್ರತೀ ಈದ್‌ಗೂ ಎಲ್ಲರ ಮನೆಗೆ ಹೋಗಿ ಟೊಪ್ಪಿ ತೊಡಿಸ್ತಿದ್ದೋಳು ನಾನೇ. ಹಬ್ಬ ಮುಗಿದ ಮೇಲೆ ತೆಗೀತಿದ್ದೋಳೂ ನಾನೇ. ಆ ವರ್ಷ ಎಲ್ಲರ ಮನೇದೂ ತೆಗೆದೆ. ಉಬಾ ಇದ್ದದ್ದು ಇದೇ ಐದನೇ ಮಹಡೀಲಿ. ತಂಗಿ ಮನೆ ತಾನೆ, ನಾಳೆ ತೆಗೆದ್ರಾಯ್ತು ಅಂದ್ಕೊಂಡೆ."

ಆ ನಾಳೆಯ ಸಂಜೆ ಉಬಾ ಸಮೋಸ ಕರಿಯಲು ಎಣ್ಣೆ ಇಟ್ಟು ಸೋಫಾದ ಮೇಲೆ ಒರಗಿದವರು ನಿದ್ದೆ ಹೋದರು. ತಿಂಗಳ ಉಪವಾಸ, ಮೂರು ದಿನದ ನೆಂಟರು, ಯಾರಿಗೆ ತಾನೆ ನಿದ್ದೆ ಬರುವುದಿಲ್ಲ? ಬಾಣಲೆಗೆ ಬೆಂಕಿ ಹತ್ತಿತು. ಅಲಾರಂ ಟೊಪ್ಪಿ ತೊಟ್ಟುಕೊಂಡು ಸುಮ್ಮನಿತ್ತು. ಪಕ್ಕದ ಮನೆಯವರಿಗೆ ಹೊಗೆ ವಾಸನೆ ಬಂದು ಬಾಗಿಲು ಒಡೆಯುವಷ್ಟರಲ್ಲಿ, ಎಚ್ಚೆತ್ತು ಬಾಣಲೆ ಎಳೆಯಲು ಹೋದ ಉಬಾ ಅವರ ಬಲಗೈ ಮೊಣಕೈವರೆಗೆ ಸುಟ್ಟಿತ್ತು. ಜೀವಕ್ಕೆ ಅಪಾಯವಾಗಲಿಲ್ಲ. ಕೈಯ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ.

"ಬೈದಿದ್ರೆ ಚೆನ್ನಾಗಿತ್ತು. ಅವಳು ಬೈಲಿಲ್ಲ," ಎನ್ನುವಾಗ ಹಿಬಾಕ್ ದನಿ ಮೊದಲ ಸಲ ಸಣ್ಣದಾಗುತ್ತದೆ. "ಲೀಡ್ಸ್‌ಗೆ ಮನೆ ಬದಲಾಯಿಸಿದ್ಲು. ನಾನು ಹೋದ್ರೆ ಊಟ ಹಾಕ್ತಾಳೆ, ನಗ್ತಾಳೆ. ಆದ್ರೆ ಒಂದು ಮಾತು ಹೇಳಿದ್ಲು. ಆ ಕಟ್ಟಡದಲ್ಲಿ ಒಂದೇ ಒಂದು ಟೊಪ್ಪಿ ಉಳಿದಿದ್ರೂ ನಾನು ಈದ್‌ಗೆ ಅಲ್ಲಿಗೆ ಕಾಲಿಡಲ್ಲ ಅಂತ. ನಾಲ್ಕು ವರ್ಷ ಆಯ್ತು. ಈದ್ ದಿನ ನಾವು ಮನೆಯೋರೆಲ್ಲ ಒಂದೇ ತಟ್ಟೇಲಿ ಉಣ್ಣೋದು. ಅವಳ ಜಾಗ ಖಾಲಿ."

ಅವತ್ತು ಮನೆಗೆ ಬಂದವಳೇ ನಾನು ಮ್ಯಾಕಲ್ಸ್‌ಫೀಲ್ಡ್‌ಗೆ ಫೋನ್ ಮಾಡಿದೆ. ಕರುಣಾಕರ ಅವರ ಹೆಂಡತಿ ಜಲಜಾಕ್ಷಿ ಎತ್ತಿಕೊಂಡರು. ಹೋಮದ ದಿನ ಸುತ್ತಿದ ಪ್ಲಾಸ್ಟಿಕ್ ತೆಗೆದಿರಾ ಎಂದು ಕೇಳಿದೆ. "ಅಯ್ಯೋ ಮಾರಾಯ್ತಿ," ಎಂದರು, "ಅದಾಗಿ ಎರಡು ವರ್ಷ ಆಯ್ತಲ್ಲ! ಇವರು ತೆಗೆದಿದ್ದಾರೆ ಅಂತ ನಾನು, ನಾನು ತೆಗೆದಿದ್ದೇನೆ ಅಂತ ಇವರು!" ಕುರ್ಚಿ ಎಳೆಯುವ ಸದ್ದು ಫೋನಿನಲ್ಲೇ ಕೇಳಿಸಿತು.

ಟೊಪ್ಪಿ ಬೇಡ ಎಂದರೆ ಸಾಲದು, ಹೊಗೆಗೆ ದಾರಿ ಬೇಕಲ್ಲ. ಹಿಬಾಕ್ ಕಂಡುಕೊಂಡ ದಾರಿ ಕಟ್ಟಡದ ಹಿಂದಿನ ಸೈಕಲ್ ಶೆಡ್ಡು. ಮೂರು ಕಡೆ ಬಯಲು, ತಲೆ ಮೇಲೆ ತಗಡು. ಈದ್ ಬೆಳಗ್ಗೆ ಅಲ್ಲಿ ಧೂಪದಾನಿ ಇಟ್ಟು, ಅದರ ಮೇಲೆ ಬಟ್ಟೆ ಒಣಗಿಸುವ ಸ್ಟ್ಯಾಂಡ್ ಬಿಡಿಸಿ, ಕಟ್ಟಡದ ಹೆಂಗಸರೆಲ್ಲ ಸರದಿಯಲ್ಲಿ ಬಟ್ಟೆಗೆ ಹೊಗೆ ಹಿಡಿಯುವುದು. ಕಟ್ಟಡ ನೋಡಿಕೊಳ್ಳುವ ಆಫೀಸಿನವರು ಮೊದಲು ಆಗುವುದಿಲ್ಲ ಎಂದರು. ಹಿಬಾಕ್ ಮತ್ತೆ ಹೋದರು. ಮತ್ತೆ ಆಗುವುದಿಲ್ಲ ಎಂದರು. ಮೂರನೇ ಸಲ ಧೂಪದಾನಿಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲಿಟ್ಟು, "ಇದು ಒಳಗೆ ಇರ್ಬೇಕಾ, ಹೊರಗೆ ಇರ್ಬೇಕಾ, ನೀವೇ ಹೇಳಿ," ಎಂದು ಕೂತುಬಿಟ್ಟರಂತೆ. ಪಕ್ಕದಲ್ಲಿ ಮರಳಿನ ಬಕೆಟ್ ಇಡಬೇಕೆಂಬ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು.

ಆಫೀಸನ್ನು ಗೆದ್ದದ್ದು ಸುಲಭ, ನಮ್ಮವರನ್ನು ಗೆಲ್ಲುವುದು ಕಷ್ಟ. ಇದು ಯಾವ ದೇಶದ ಜನಕ್ಕೂ ಒಂದೇ. ಚಳಿಯಲ್ಲಿ ಸೈಕಲ್‌ಗಳ ಮಧ್ಯೆ ಈದಾ ಎಂದು ಹೆಂಗಸರು ನಕ್ಕರು. ಮೊದಲ ವರ್ಷ ಹಿಬಾಕ್ ಒಬ್ಬರೇ ನಿಂತಿದ್ದರು, ತಮ್ಮ ಶಾಲಿಗೆ ತಾವೇ ಹೊಗೆ ಹಿಡಿಯುತ್ತಾ. ಎರಡನೇ ವರ್ಷ ಮಳೆ, ಗಾಳಿ. ಕೆಂಡ ಆರಿತು, ಮತ್ತೆ ಹೊತ್ತಿಸಿದರು, ಮತ್ತೆ ಆರಿತು. ನಾಲ್ಕೈದು ಜನ ಬಂದರು. ಕಳೆದ ವರ್ಷ ಶೆಡ್ಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದೊಂದಾಗಿ ಟೊಪ್ಪಿಗಳೆಲ್ಲ ಕಳಚಿದವು, ಒಂದನ್ನು ಬಿಟ್ಟು.

ಆ ಒಂದು ಒಂಬತ್ತನೇ ಮಹಡಿಯ ಅಂಬರೊ ಅಜ್ಜಿಯದು. ಎಲ್ಲರೂ ಅವರನ್ನು ಅಯ್ಯೇಯೊ ಎನ್ನುತ್ತಾರೆ, ಅಂದರೆ ಅಜ್ಜಿ. ಕಟ್ಟಡದಲ್ಲೇ ಹಿರಿಯರು, ಎಂಬತ್ತು ದಾಟಿದವರು. ಗಂಡ ಇಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ಸತ್ತವರು. ಈದ್ ಪ್ರಾರ್ಥನೆ ಮುಗಿಸಿ ಎಲ್ಲರೂ ಮೊದಲು ಹೋಗುವುದು ಈ ಅಜ್ಜಿಯ ಮನೆಗೆ, ಆಮೇಲೆ ಬೇರೆ ಮನೆ. ಆ ಬೆಂಕಿಯ ನಂತರ ಈ ಮನೆಯ ಅಲಾರಂಗೆ ಪ್ರತಿವರ್ಷ ಟೊಪ್ಪಿ ಕಟ್ಟುತ್ತಿದ್ದವನು ಮೊಮ್ಮಗ, ಹಬ್ಬದ ಸಂಜೆಯೇ ಹೋಗಿ ಬಿಚ್ಚುತ್ತಿದ್ದವರು ಹಿಬಾಕ್. ಮೊಮ್ಮಗ ಈ ವರ್ಷ ಕಾರ್ಡಿಫ್‌ಗೆ ಕೆಲಸಕ್ಕೆ ಹೋಗಿದ್ದಾನೆ.

ನಾವು ಒಂಬತ್ತನೇ ಮಹಡಿ ತಲುಪಿದಾಗ ಅಜ್ಜಿ ಅಡುಗೆಮನೆಯಲ್ಲಿ ಅಂಜೀರೊ ಹುಯ್ಯುತ್ತಿದ್ದಾರೆ. ಇದು ನಮ್ಮ ಸೆಟ್ ದೋಸೆಯ ದಾಯಾದಿ, ಸೌಟಿನಲ್ಲಿ ಸುತ್ತು ಸುತ್ತಾಗಿ ಬಿಡುವುದೊಂದೇ ವ್ಯತ್ಯಾಸ. ನನ್ನ ಕೈಗೊಂದು ತಟ್ಟೆ ಕೊಟ್ಟು, ಹಿಬಾಕ್ ಕೈಗೊಂದು ಹೊಸ ಶವರ್ ಕ್ಯಾಪ್ ಕೊಡುತ್ತಾರೆ.

"ಏಣಿ ತಂದು ಇದನ್ನ ಕಟ್ಟಿ ಹೋಗು."

"ಇಲ್ಲ, ಅಯ್ಯೇಯೊ."

ಅವರಿಬ್ಬರ ಮಾತು ಸೊಮಾಲಿಯಲ್ಲಿ. ಹಿಬಾಕ್ ಆಮೇಲೆ ನನಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಆದರೆ ಆ 'ಇಲ್ಲ'ಕ್ಕೆ ಅನುವಾದ ಬೇಕಿರಲಿಲ್ಲ. ಅಜ್ಜಿಯ ಕೈಯ ಸೌಟು ನಿಂತಿತು. ಹಿರಿಯರ ಮುಖಕ್ಕೆ ಹೀಗೆ ಹೇಳುವ ವಾಡಿಕೆ ಅವರಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ.

"ನನಗೆ ಇಲ್ಲ ಅಂತೀಯಾ?"

"ಅಂತೀನಿ. ಬೇಕಾದ್ರೆ ಬೈಯಿರಿ. ಈ ಕೈಯಿಂದ ಇನ್ನು ಯಾವ ಮನೆಗೂ ಟೊಪ್ಪಿ ಕಟ್ಟಲ್ಲ. ಬಟ್ಟೆ ಕೊಡಿ, ಕೆಳಗೆ ನಾನೇ ಹೊಗೆ ಹಿಡಿದು ತಂದುಕೊಡ್ತೀನಿ."

"ಬಟ್ಟೆಗೆ ಹೊಗೆ ಹಾಕೋದು ನಾವು ಹೊರಗೆ ಹೋಗೋದಕ್ಕೆ. ಮನೆಗೆ ಹೊಗೆ ಹಾಕೋದು ಬರೋರಿಗೆ. ನನ್ನ ಗಂಡ ದಿನಾ ಉಕ್ಕಿನ ವಾಸನೆ ಹೊತ್ತು ಬರ್ತಿದ್ದ. ಬಾಗಿಲು ತೆಗೆದ ಕೂಡ್ಲೇ ಅವನಿಗೆ ಊರಿನ ವಾಸನೆ ಬರ್ಲಿ ಅಂತ ಹಾಕ್ತಿದ್ದೆ. ಅದನ್ನ ಸೈಕಲ್ ಶೆಡ್ಡಲ್ಲಿ ಹಾಕೋದಾ?"

ಮನೆಯಲ್ಲೇ ಹಾಕಿ, ಟೊಪ್ಪಿ ಬೇಡ, ಬಾಲ್ಕನಿ ಬಾಗಿಲು ತೆರೆದಿಡಿ, ನಾನು ಅಲಾರಂ ಕೆಳಗೆ ಟವಲ್ ಬೀಸುತ್ತಾ ನಿಂತಿರುತ್ತೇನೆ ಎಂದು ಹಿಬಾಕ್ ಕೇಳಿಕೊಂಡರು. "ನೆಂಟರ ಮುಂದೆ ಅದು ಬಾಯಿ ಬಡ್ಕೊಂಡ್ರೆ ನನ್ನ ಮರ್ಯಾದೆ ಏನಾಗ್ಬೇಕು?" ಎಂದು ಅಜ್ಜಿ ಶವರ್ ಕ್ಯಾಪನ್ನು ಕಿತ್ತುಕೊಂಡರು. "ಏಣಿ ಇರೋಳು ಊರಲ್ಲಿ ನೀನೊಬ್ಬಳೇ ಅಲ್ಲ."

ಲಿಫ್ಟಿನಲ್ಲಿ ಇಳಿಯುವಾಗ ಹಿಬಾಕ್, "ತಾಯಿ ಇಲ್ಲದ ನಮ್ಮಿಬ್ಬರಿಗೆ ಈ ಊರಲ್ಲಿ ಮೊದಲ ಊಟ ಹಾಕಿದ್ದು ಅವರು," ಎನ್ನುತ್ತಾರೆ. "ಅವರಿಗೆ ಇಲ್ಲ ಅಂದೆ. ಆದ್ರೆ ಹೂಂ ಅನ್ನೋಕೆ ನನ್ನಿಂದ ಆಗಲ್ಲ, ವಲಾಲ್." ವಲಾಲ್ ಎಂದರೆ ಒಡಹುಟ್ಟಿದವಳು. ನನ್ನನ್ನು ಅವರು ಹಾಗೆ ಕರೆದದ್ದು ಅದೇ ಮೊದಲು.

ಈದ್ ದಿನ ನನ್ನ ಮನೆಯಿರುವ ಬ್ರೂಮ್‌ಹಿಲ್‌ನಿಂದ ಮೊದಲ ಬಸ್ಸು ಹಿಡಿದು ನಾನು ಶೆಡ್ಡಿಗೆ ಬರುವಷ್ಟರಲ್ಲಿ ಅಲ್ಲಿ ಜಾತ್ರೆ. ಹೆಂಗಸರೆಲ್ಲ ತೆಳ್ಳನೆಯ ಬಣ್ಣಬಣ್ಣದ ನಿಲುವಂಗಿಗಳನ್ನು ತೋಳಿನ ಮೇಲೆ ಹಾಕಿಕೊಂಡು, ಮೇಲೊಂದು ದಪ್ಪ ಕೋಟು ತೊಟ್ಟು ಸರದಿ ನಿಂತಿದ್ದಾರೆ. ಬಾಯಿಂದ ಹೊರಡುವ ಹಬೆ ಒಂದು ಕಡೆ, ಊನ್ಸಿ ಹೊಗೆ ಒಂದು ಕಡೆ. ಹಿಬಾಕ್ ಹಬ್ಬಕ್ಕೆ ರಜೆ ಹಾಕಿದ್ದರೂ ಕೆಲಸದ ಕೈಗವಸು ಬಿಚ್ಚಿಲ್ಲ. ಇಕ್ಕಳದಲ್ಲಿ ಕೆಂಡ ತಿರುವುತ್ತಾ, ಶಾಲುಗಳನ್ನು ಸ್ಟ್ಯಾಂಡಿನ ಮೇಲೆ ಹೊದಿಸುತ್ತಾ, ಹತ್ತಿರ ಬರುವ ಮಕ್ಕಳನ್ನು ಗದರುತ್ತಾ ನಿಂತಿದ್ದಾರೆ. ನನ್ನ ರೇಷ್ಮೆ ದುಪಟ್ಟಾವನ್ನೂ ಕಿತ್ತುಕೊಂಡು ಹೊಗೆಗೆ ಹಿಡಿದರು. ನಾಯಿ ಕರೆದುಕೊಂಡು ಬಂದ ಇಂಗ್ಲಿಷ್ ಮುದುಕರೊಬ್ಬರು ತಮ್ಮ ಕೋಟನ್ನೂ ಕೊಟ್ಟು, ಸರದಿ ಕಾದು ಪಡೆದು ಹೋದರು.

ಆದರೆ ಹಿಬಾಕ್ ಕಣ್ಣು ಮತ್ತೆ ಮತ್ತೆ ಒಂಬತ್ತನೇ ಮಹಡಿಯ ಕಿಟಕಿಯತ್ತ ಹೋಗುತ್ತದೆ. ಅಜ್ಜಿ ನಾಲ್ಕು ದಿನದಿಂದ ಬಾಗಿಲು ತೆಗೆದಿಲ್ಲ. ಒಳಗಿನಿಂದಲೇ, ಚೆನ್ನಾಗಿದ್ದೇನೆ ಹೋಗು, ಎನ್ನುತ್ತಿದ್ದಾರೆ. ಉಬಾ ಬೆಳಗ್ಗೆ ಫೋನಿನಲ್ಲಿ ಹಬ್ಬದ ಶುಭಾಶಯ ಹೇಳಿ, "ಅಜ್ಜಿ ಮನೇದು?" ಎಂದಷ್ಟೇ ಕೇಳಿದರಂತೆ. "ಗೊತ್ತಿಲ್ಲ ಅಂದೆ. ಸುಳ್ಳು ಹೇಳಬಹುದಿತ್ತು. ಹೇಳಿದ್ರೆ ಬರ್ತಿದ್ಲು. ಹಾಗೆ ಕರೆಸಿಕೊಂಡ್ರೆ ಅದು ಈದಾ?" ಎನ್ನುತ್ತಾರೆ ಹಿಬಾಕ್.

ಪ್ರಾರ್ಥನೆ ಮುಗಿಸಿ ಬಂದವರೆಲ್ಲ ಲಿಫ್ಟಿನ ಮುಂದೆ ಸೇರುತ್ತಾರೆ. ಹಿಬಾಕ್ ಲಿಫ್ಟಿಗೆ ಕಾಯುವುದಿಲ್ಲ, ಎರಡೆರಡು ಮೆಟ್ಟಿಲು ಹತ್ತುತ್ತಾರೆ. ಬಾಗಿಲು ತೆರೆದಿದೆ. ಅಂಬರೊ ಅಜ್ಜಿ ಹಸಿರು ನಿಲುವಂಗಿ ತೊಟ್ಟು, ಹಜಾರದ ನಡುವೆ ಕುರ್ಚಿ ಹಾಕಿ ಕೂತಿದ್ದಾರೆ. ಮುಂದೆ ಧೂಪದಾನಿ. ಹಿಬಾಕ್ ಕಣ್ಣು ಮೇಲೆ ಹೋಯಿತು.

ಅಲಾರಂ ಬರಿದಾಗಿದೆ.

"ಮೇಲೇನು ನೋಡ್ತೀಯ? ನನ್ನ ಮುಖ ನೋಡು, ಈದ್ ವನಾಗ್ಸನ್ ಹೇಳು," ಎಂದರು ಅಜ್ಜಿ. ಅದು ಅವರ ಹಬ್ಬದ ಶುಭಾಶಯ. ಪಕ್ಕದಲ್ಲಿ ನಿಂತ ಹೆಂಗಸೊಬ್ಬರು ನನ್ನ ಕಿವಿಯಲ್ಲಿ ಅನುವಾದಿಸುತ್ತಿದ್ದಾರೆ. ಅಜ್ಜಿಯೇ ಮುಂದುವರಿಸಿದರು. "ಕರೆದಿದ್ರೆ ಹತ್ತು ಜನ ಏಣಿ ತರ್ತಿದ್ರು. ಕರೀಲಿಲ್ಲ. ನಾನು ಬೆಳೆಸಿದ ಹುಡುಗಿ ನನ್ನ ಮುಖಕ್ಕೇ ಇಲ್ಲ ಅಂದ್ಲಲ್ಲ, ಅಷ್ಟು ಅನ್ನೋಕೆ ಒಳಗೆ ಎಷ್ಟು ಬೆಂದಿರ್ಬೇಕು ಅಂತ ನಾಲ್ಕು ದಿನ ಇದೇ ಕುರ್ಚೀಲಿ ಕೂತು ಯೋಚನೆ ಮಾಡಿದೆ."

ಹೀಗೆ ಹೇಳಿ ಅಜ್ಜಿ ಡಬ್ಬಿ ತೆರೆದರು. ಚೂರಲ್ಲ, ಹಿಡಿ ತುಂಬ ಊನ್ಸಿ ತೆಗೆದು ಕೆಂಡಕ್ಕೆ ಸುರಿದರು. ಬಾಲ್ಕನಿ ಬಾಗಿಲು ತೆಗೆಯಲು ಹೋದವರನ್ನು, ಚಳಿ, ಮುಚ್ಚು, ಎಂದು ಗದರಿದರು. ಹೊಗೆ ಎದ್ದಿತು. ಮನೆ ತುಂಬ ಜನ, ಎಲ್ಲರ ಕತ್ತೂ ಮೇಲೆ. ನನ್ನದೂ.

ಅಲಾರಂ ಕೂಗಿತು. ಅಬ್ಬಾ, ಎಂಥ ಕೂಗು! ಕಂಕುಳಲ್ಲಿದ್ದ ಕೂಸುಗಳು ಅಳತೊಡಗಿದವು, ದೊಡ್ಡ ಮಕ್ಕಳು ಕಿವಿ ಮುಚ್ಚಿಕೊಂಡು ಕುಣಿದರು. ಹಿಬಾಕ್ ಟವಲ್ ಹಿಡಿದು ಓಡಿದರು. ಅಜ್ಜಿ ಅವರ ಶಾಲಿನ ಅಂಚು ಹಿಡಿದು ನಿಲ್ಲಿಸಿದರು.

"ಕೂಗ್ಲಿ ಬಿಡು. ಫೋನ್ ಮಾಡು ಅವಳಿಗೆ."

ಹಿಬಾಕ್ ಫೋನ್ ಮಾಡಿದರು. ಸ್ಪೀಕರ್ ಒತ್ತಿ ಫೋನನ್ನು ಉದ್ದ ಕೈಯಲ್ಲಿ ಛಾವಣಿಗೆ ಎತ್ತಿ ಹಿಡಿದರು. ಅಲಾರಂ ಕೂಗುತ್ತಲೇ ಇದೆ. "ಕೇಳಿಸ್ತೇನೇ, ಉಬಾ?" ಎಂದು ಅಜ್ಜಿ ಕುರ್ಚಿಯಿಂದಲೇ ಕೂಗಿದರು. "ಇದು ನನ್ನ ಮನೇದು! ಇದೇ ಕೊನೇದು!"

ಹಿಬಾಕ್ ಎತ್ತಿದ ತೋಳನ್ನು ಕೆಳಗಿಳಿಸುತ್ತಿಲ್ಲ. ಹೊಗೆಯಲ್ಲಿ ಕಣ್ಣೀರು ಸುರಿಸುತ್ತಾ ನಿಂತ ನಮಗೆಲ್ಲ ಅದು ಹೊಗೆಗೆ ಬಂದದ್ದೆಂದು ಹೇಳಿಕೊಳ್ಳುವ ಅನುಕೂಲವಿತ್ತು. ಕೊನೆಗೆ ಫೋನಿನಿಂದ ದನಿ ಬಂತು. ಅತ್ತು ಒದ್ದೆಯಾದ ದನಿ, ಆದರೂ ಗಟ್ಟಿಯಾಗಿಯೇ ಇತ್ತು.

"ಅಕ್ಕಾ, ಊಟ ಎಷ್ಟು ಹೊತ್ತಿಗೆ?"

ಹಿಬಾಕ್ ಫೋನನ್ನು ಕೆಳಗಿಳಿಸಿ ಬಾಯಿಯ ಹತ್ತಿರ ತಂದರು.

"ನೀನು ಬಂದ ಮೇಲೆ," ಎಂದರು.